ಅಕ್ಕನ ವಯಸ್ಸು

ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಅದಕ್ಕೊಂದೇ ಕಿಟಕಿ. ಅದೂ ಸೂರಿಗೆ ಅಂಟಿಕೊಂಡಂತೆ, ಹೊರಗಿನ ನೆಲಕ್ಕೆ ಸಮವಾಗಿ. ಅದರಿಂದ ನೋಡಿದರೆ ಕಾಣುತ್ತಿದ್ದುದು ಬರೀ ಕಾಲುಗಳು. ಇಸ್ತ್ರಿಯವಳು ನಾಲ್ಕು ವರ್ಷದಿಂದ ಆ ಕಾಲುಗಳನ್ನು ನೋಡಿ ನೋಡಿ, ಮುಖ ಕಾಣದೆಯೇ ಯಾರು ಹೋದರು, ಸಿಟ್ಟಿನಲ್ಲಿ ಹೋದರೋ ಸಂತೋಷದಲ್ಲಿ ಹೋದರೋ ಎಂದು ಹೇಳಬಲ್ಲವಳಾಗಿದ್ದಳು. ಅವಳನ್ನು ಯಾರೂ ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ವಾರ್ಡನ್ನರದು ಕಪ್ಪು ಚಪ್ಪಲಿ, ಬಲಗಡೆಯ ಹಿಮ್ಮಡಿ ಸವೆದದ್ದು. ಅಡುಗೆಮನೆಯಲ್ಲಿ ಕೆಲಸ ಮಾಡುವ ಚಿಕ್ಕಮ್ಮನದು ರಬ್ಬರು ಚಪ್ಪಲಿ, ಯಾವಾಗಲೂ ಒದ್ದೆ.

ಮೂವತ್ತೆಂಟು ಕೋಣೆಗಳ ಬಟ್ಟೆ ಅವಳೊಬ್ಬಳ ಕೈಯಲ್ಲಿ ಹಾಯಬೇಕಿತ್ತು. ಪ್ರತಿ ಬಟ್ಟೆಯ ಕೊರಳಪಟ್ಟಿಯ ಒಳಗೆ ಕೆಂಪು ದಾರದಲ್ಲಿ ಕೋಣೆಯ ನಂಬರು ಹೊಲಿದಿರುತ್ತಿತ್ತು. ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಆಯಾ ಕೋಣೆಯ ಚಾದರದಲ್ಲೇ ಗಂಟು ಕಟ್ಟಿ ಮೇಲಕ್ಕೆ ಒಯ್ದು ಕೊಡುವುದು ಅವಳ ಕೆಲಸ. ಮೊದಲ ವರ್ಷ ಒಂದು ಗಂಟು ಮೆಟ್ಟಿಲ ಮೇಲೆ ಬಿಚ್ಚಿಕೊಂಡು ಒಳಬಟ್ಟೆಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಅವಳು ತನ್ನದೇ ಒಂದು ಗಂಟು ಕಂಡುಕೊಂಡಳು. ಎರಡು ಸುತ್ತು ಸುತ್ತಿ, ತುದಿಯನ್ನು ತಿರುಚಿ, ಒಳಗೆ ತೂರಿಸಿ ಎಳೆಯುವ ಗಂಟು. "ಇಸ್ತ್ರಿ ಅಕ್ಕನ ಗಂಟು ಬಿಚ್ಚೋಕೆ ಹಲ್ಲು ಗಟ್ಟಿ ಇರ್ಬೇಕು" ಎನ್ನುವುದು ಹಾಸ್ಟೆಲಿನಲ್ಲಿ ಗಾದೆಯೇ ಆಗಿಹೋಗಿತ್ತು.

ಅಕ್ಕ ಎನ್ನುವುದೇ ಅವಳಿಗೆ ಮುಜುಗರ. ಹಾಗೆ ಕರೆಯುವವರಲ್ಲಿ ಅರ್ಧದಷ್ಟು ಜನ ಅವಳಿಗಿಂತ ದೊಡ್ಡವರು. ಆದರೆ ಅದು ಅವರಿಗೆ ಗೊತ್ತಿರಲಿಲ್ಲ. ಅವಳ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯಲ್ಲಿ ಫೋಟೋದ ಕೆಳಗೆ ಹುಟ್ಟಿದ ತಾರೀಖು ಇತ್ತು. ಆ ತಾರೀಖಿನ ಲೆಕ್ಕದಲ್ಲಿ ಅವಳಿಗೆ ಇಪ್ಪತ್ತೆರಡು. ನಿಜಕ್ಕೂ ಅವಳಿಗೆ ಹತ್ತೊಂಬತ್ತು.

ಅವಳ ಅಪ್ಪ ಒಂದು ಮಧ್ಯಾಹ್ನ ಕುಡಿದು ಬಂದು ಮಲಗಿದವನು ಮತ್ತೆ ಏಳಲಿಲ್ಲ. "ಮಲಗಲಿ ಬಿಡು, ಸಂಜೆಗೆ ಸರಿಹೋಗ್ತಾನೆ" ಎಂದು ಅಮ್ಮ ಬಾಗಿಲು ಎಳೆದುಕೊಂಡಿದ್ದಳು. ಅಂಗಾತ ಮಲಗಿದ್ದವನಿಗೆ ವಾಂತಿ ಗಂಟಲಲ್ಲೇ ನಿಂತಿತ್ತು. ಆ ವರ್ಷವೇ ಅವಳ ಶಾಲೆ ಎಂಟನೆಯ ತರಗತಿಗೆ ಮುಗಿಯಿತು. ಹದಿನೈದು ತುಂಬುವ ಹೊತ್ತಿಗೆ ಚಿಕ್ಕಮ್ಮ ಹಾಸ್ಟೆಲಿಗೆ ಕರೆತಂದಳು. ಹದಿನೆಂಟು ಆಗದವರನ್ನು ಕೆಲಸಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಶಾಲೆಯ ಕಾಗದಗಳೆಲ್ಲ ಗೆದ್ದಲು ತಿಂದು ಹೋಗಿವೆ ಎಂದು ಚಿಕ್ಕಮ್ಮ ಹೇಳಿ, ಹುಡುಗಿಗೆ ಹದಿನೆಂಟು ಎಂದು ತಾನೇ ಮುಚ್ಚಳಿಕೆಗೆ ಸಹಿ ಹಾಕಿದಳು. ಹೀಗೆ ಇಸ್ತ್ರಿಯವಳ ಬದುಕಿನ ಮೂರು ವರ್ಷ ಒಂದು ಸಹಿಯಲ್ಲಿ ಕಳೆದುಹೋದವು. ಗೆದ್ದಲು ಮುಟ್ಟದ ಶಾಲೆಯ ಸರ್ಟಿಫಿಕೇಟು ಮಾತ್ರ ಸೋಪಿನ ಪುಡಿಯ ಖಾಲಿ ಡಬ್ಬಿಯಲ್ಲಿ ಭದ್ರವಾಗಿತ್ತು.

ಅದನ್ನು ಡಬ್ಬಿಯಿಂದ ಹೊರಗೆ ತೆಗೆಸಿದವಳು ಉದ್ದಜಡೆ. ಎರಡನೆಯ ಮಹಡಿಯ ಇಪ್ಪತ್ತಾರನೇ ಕೋಣೆಯವಳು, ಕಾನೂನು ಓದುತ್ತಿದ್ದಳು, ಎರಡನೇ ವರ್ಷ. ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಒಮ್ಮೆ ಅವಳು ಅಂಗಿ ತೆಗೆದುಕೊಂಡು ಹೋಗಲು ಬಂದಾಗ, ಇಸ್ತ್ರಿಯವಳು ಹಳೆಯ ಗಣಿತದ ಪುಸ್ತಕವನ್ನು ಬಟ್ಟೆಯ ಕೆಳಗೆ ಅಡಗಿಸಿದ್ದು ಕಣ್ಣಿಗೆ ಬಿತ್ತು. ಕಾಡಿ ಕಾಡಿ ಬಾಯಿ ಬಿಡಿಸಿದಳು. ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಬೇಕೆಂಬ ಆಸೆ ಇದೆ, ಗಣಿತ ಮಾತ್ರ ತಲೆಗೆ ಹತ್ತುವುದಿಲ್ಲ ಎಂದು ಗೊತ್ತಾದ ಮೇಲೆ, ವಾರಕ್ಕೆರಡು ದಿನ ಇಸ್ತ್ರಿ ಮೇಜಿನ ಮೇಲೆಯೇ ಕುಳಿತು ಹೇಳಿಕೊಡತೊಡಗಿದಳು. ಹೇಳಿಕೊಡುವುದರಲ್ಲಿ ಮೋಸವಿರಲಿಲ್ಲ. ಇಸ್ತ್ರಿಯವಳು ಆ ಎರಡು ದಿನಗಳಿಗಾಗಿಯೇ ಉಳಿದ ಐದು ದಿನ ಕಾಯುತ್ತಿದ್ದಳು.

ಪರೀಕ್ಷೆಯ ಅರ್ಜಿ ತುಂಬುವ ದಿನ ಸರ್ಟಿಫಿಕೇಟು ಬೇಕಾಯಿತು. ಉದ್ದಜಡೆ ಅದನ್ನು ಓದಿದಳು, ಇಸ್ತ್ರಿಯವಳ ಕೊರಳಿನ ಚೀಟಿಯನ್ನು ಎಳೆದು ಓದಿದಳು, ಮತ್ತೆ ಸರ್ಟಿಫಿಕೇಟು ಓದಿದಳು.

"ಅಯ್ಯೋ, ನೀವು ನನಗಿಂತ ಒಂದು ವರ್ಷ ಚಿಕ್ಕೋರು!"

ಇಸ್ತ್ರಿಯವಳು ಚೀಟಿಯನ್ನು ಕೈಯಲ್ಲಿ ಮುಚ್ಚಿಕೊಂಡಳು. ಉದ್ದಜಡೆ ನಕ್ಕು, ಕಲೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಬಟ್ಟೆ ಜೋಡಿಸುವ ಹಲಗೆಯ ಪಕ್ಕಕ್ಕೆ ಒಂದು ಲೆಕ್ಕ ಬರೆದಳು. ಅಕ್ಕ ತಂಗಿಗಿಂತ ಮೂರು ವರ್ಷ ದೊಡ್ಡವಳು, ಇಬ್ಬರ ವಯಸ್ಸು ಕೂಡಿಸಿದರೆ ನಲವತ್ತೊಂದು, ಒಬ್ಬೊಬ್ಬರ ವಯಸ್ಸೆಷ್ಟು? ಬಿಡಿಸುವಷ್ಟರಲ್ಲಿ ಒಗೆಯುವ ಯಂತ್ರ ಕಿರುಚಿತು. ಲೆಕ್ಕ ಹಾಗೇ ಉಳಿಯಿತು. ಅರ್ಜಿಗೆ ಸರ್ಟಿಫಿಕೇಟಿನ ತಾರೀಖೇ ಹಾಕಿದರೆ ಸಾಕು, ಹಾಸ್ಟೆಲಿನ ಕಾಗದವನ್ನೂ ಪರೀಕ್ಷೆಯ ಕಾಗದವನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರೂ ಇಲ್ಲ ಎಂದು ಉದ್ದಜಡೆ ಧೈರ್ಯ ಹೇಳಿದಳು. ಅರ್ಜಿ ಕಳಿಸಲು ಇನ್ನೂ ಮೂರು ವಾರವಿತ್ತು. ಅದು ಡಬ್ಬಿ ಸೇರಿತು.

ಮುಂದಿನ ವಾರ ಅವಳು ಪುಸ್ತಕವಿಲ್ಲದೆ ಬಂದಳು. ಶನಿವಾರ ಕಾಲೇಜಿನ ಆಟೋಟ, ವಾರ್ಡನ್ ಇಡೀ ದಿನ ಮೈದಾನದಲ್ಲಿರುತ್ತಾರೆ, ಅಂದೇ ತನ್ನ ಹುಟ್ಟುಹಬ್ಬ, ಇಪ್ಪತ್ತು ತುಂಬುತ್ತದೆ. ಕೋಣೆಯಲ್ಲಿ ಮೂರೇ ಜನ ಸೇರಿ ಸ್ವಲ್ಪ ಕುಡಿಯೋಣ ಎಂದಿದ್ದಾರೆ, ಆದರೆ ಅಂಗಡಿಯಲ್ಲಿ ಇಪ್ಪತ್ತೊಂದು ತುಂಬಿದ ಚೀಟಿ ಕೇಳುತ್ತಾರೆ. ಇಡೀ ಮಹಡಿಯಲ್ಲಿ ಅಂಥ ಚೀಟಿ ಯಾರಲ್ಲಿದೆ ಎಂದು ಹೇಳುತ್ತ ಅವಳು ಇಸ್ತ್ರಿಯವಳ ಕೊರಳಿನ ಚೀಟಿಯನ್ನು ಬೆರಳಿಂದ ತೂಗಿದಳು.

ಇಸ್ತ್ರಿಯವಳು ಬೇಡ ಎನ್ನುವಂತೆ ತಲೆ ಆಡಿಸಿದಳು.

"ಕುಡಿಯೋದು ನಾವು, ನಿಮಗೇನು? ಬರೀ ತಂದುಕೊಡೋದು. ಬಟ್ಟೆ ಗಂಟನ್ನ ಯಾರು ಬಿಚ್ಚಿ ನೋಡ್ತಾರೆ?"

ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆಯನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿದಿದ್ದಳು. ಬಟ್ಟೆಯಿಂದ ಕಮರು ವಾಸನೆ ಬಂದಾಗ ಎತ್ತಿದಳು.

"ಹೆದರಬೇಡಿ ಅಕ್ಕ," ಎಂದಳು ಉದ್ದಜಡೆ, ಇನ್ನೂ ಮೆತ್ತಗೆ. "ನಿಮ್ಮ ಎರಡು ತಾರೀಖಿನ ವಿಷಯ ನನ್ನ ಹೊಟ್ಟೆಯೊಳಗೇ ಇರತ್ತೆ. ನಾನು ಯಾರಿಗಾದ್ರೂ ಹೇಳಿದೀನಾ?"

ಹೇಳಿರಲಿಲ್ಲ. ಆದರೆ ಹೇಳಬಹುದು ಎಂದು ಇಸ್ತ್ರಿಯವಳಿಗೆ ಮೊದಲ ಸಲ ಹೊಳೆದದ್ದು ಆ ಮಾತಿನಿಂದಲೇ. ಉದ್ದಜಡೆ ಬೆದರಿಸಿದಳೋ, ನಿಜಕ್ಕೂ ಧೈರ್ಯ ಹೇಳಿದಳೋ, ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಬಾಯಿಂದ ಹೂಂ ಎಂದು ಬಂತು. ಚಿಕ್ಕಂದಿನಿಂದ ಯಾರು ಏನು ಕೇಳಿದರೂ ಅವಳ ಬಾಯಿಗೆ ಮೊದಲು ಬರುತ್ತಿದ್ದುದು ಅದೊಂದೇ.

ಶುಕ್ರವಾರ ಸಂಜೆ ಅಂಗಡಿಗೆ ಹೋದಳು. ಕಬ್ಬಿಣದ ಜಾಲರಿ, ಅದರಲ್ಲಿ ಕೈ ತೂರುವಷ್ಟು ಕಿಂಡಿ. ಜಾಲರಿಯ ಮೇಲೆ ಫಲಕ. ಇಪ್ಪತ್ತೊಂದು ತುಂಬದವರಿಗೆ ಮದ್ಯ ಮಾರುವುದಿಲ್ಲ. ಅಂಥವರಿಗೆ ಕೊಡಲು ಬೇರೆಯವರು ಕೊಳ್ಳುವುದೂ ಅಪರಾಧ. ಅವಳು ಎರಡನೆಯ ಸಾಲನ್ನು ಎರಡು ಸಲ ಓದಿದಳು. ಬರೀ ತಂದುಕೊಡೋದು ಎಂದಿದ್ದವಳು ಕಾನೂನು ಓದುವವಳು. ಈ ಸಾಲು ಅವಳಿಗೆ ಗೊತ್ತಿರಲಿಲ್ಲವೇ? ಹಿಂದೆ ನಿಂತವನೊಬ್ಬ ಕೆಮ್ಮಿದ. ಅವಳು ಚೀಟಿಯನ್ನು ಕಿಂಡಿಯೊಳಗೆ ಇಟ್ಟಳು. ಅಂಗಡಿಯವನು ಚೀಟಿ ನೋಡಿದ, ಮುಖ ನೋಡಿದ.

"ಮುಖ ನೋಡಿದ್ರೆ ಹಾಲು ಕೇಳೋಕೆ ಬಂದಂಗಿದೀಯ. ಇಪ್ಪತ್ತೆರಡಾ?"

"ಹೂಂ," ಎಂದಳು.

ಶನಿವಾರ ಹನ್ನೊಂದಕ್ಕೆ ಇಪ್ಪತ್ತಾರನೇ ಕೋಣೆಯ ಗಂಟು ಎರಡು ಬಾಟಲಿಗಳ ಭಾರದೊಂದಿಗೆ ಮೇಲೆ ಹೋಯಿತು. ಕಾವಲಿನವಳು ಎದುರಾಗಿ, ಚಳಿಗಾಲದ ಬಟ್ಟೆ ಜೋರು ತೂಕ ಅಲ್ವಾ ಎಂದು ತಾನೇ ಬಾಗಿಲು ಹಿಡಿದಳು. ಇಸ್ತ್ರಿಯವಳು ಗಂಟನ್ನು ಹೊಸ್ತಿಲಲ್ಲೇ ಇಟ್ಟು ಕೆಳಗೆ ಓಡಿಬಂದು, ಯಂತ್ರದ ಮುಂದೆ ಕುಳಿತು ಬಟ್ಟೆ ಸುತ್ತುವುದನ್ನೇ ನೋಡಿದಳು.

ಮೂರು ಗಂಟೆಗೆ ಕೊಳೆ ಚಾದರಗಳನ್ನು ತರಲು ಮೇಲೆ ಹೋಗಲೇಬೇಕಿತ್ತು. ಇಪ್ಪತ್ತಾರರ ಬಾಗಿಲು ಒಳಗಿಂದ ಹಾಕಿತ್ತು. ತಟ್ಟಿದಳು. ಒಳಗೆ ಪಿಸುಮಾತು ನಿಂತಿತು. ಕೊನೆಗೆ ಬಾಗಿಲು ಒಂದು ಗೇಣು ತೆರೆದು, ಕನ್ನಡಕ ಹಾಕಿಕೊಂಡ ಹುಡುಗಿಯ ಮುಖ ಕಂಡಿತು. ಕೋಣೆಯಲ್ಲಿ ಅವಳನ್ನು ಕರೆಯುತ್ತಿದ್ದುದೂ ಕನ್ನಡಕ ಎಂದೇ. ಅವಳು ಕುಡಿದಿರಲಿಲ್ಲ, ಕೈಯಲ್ಲಿ ಹಣ್ಣಿನ ರಸದ ಲೋಟವಿತ್ತು. ಇಸ್ತ್ರಿಯವಳು ಒಳಗೆ ಬಂದ ಕೂಡಲೇ ಉದ್ದಜಡೆ ಮತ್ತೆ ಚಿಲಕ ಹಾಕಿದಳು.

ಮಂಚದ ಮೇಲೆ ಪಾಪು ಅಂಗಾತ ಬಿದ್ದಿದ್ದಳು. ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಹದಿನೆಂಟು, ಮೊದಲ ವರ್ಷ, ಕಡ್ಡಿಯಂಥ ಮೈ. ಬೆಳಿಗ್ಗೆ ಓಟಕ್ಕೆಂದು ಏನೂ ತಿಂದಿರಲಿಲ್ಲವಂತೆ. ಕುಡಿದದ್ದು ಜೀವನದಲ್ಲೇ ಮೊದಲ ಸಲ. ಒಂದೇ ಗುಟುಕಿಗೆ ಲೋಟ ಖಾಲಿ ಮಾಡು ನೋಡೋಣ ಎಂದು ಯಾರೋ ಅಂದರು, ಮಾಡಿದಳು. ಏನೂ ಆಗಲಿಲ್ಲ ಎಂದು ಮತ್ತೊಂದು, ಇನ್ನೊಂದು. ಏನೂ ಆಗದಿರುವುದಕ್ಕೂ ಎಲ್ಲ ಆಗುವುದಕ್ಕೂ ನಡುವೆ ಅರ್ಧ ಗಂಟೆಯಷ್ಟೇ ಇದ್ದದ್ದು. ಹೀಗೆಂದು ಕನ್ನಡಕ ಒಂದೇ ಉಸಿರಿನಲ್ಲಿ ಹೇಳಿದಳು.

"ಮಲಗಲಿ ಬಿಡಿ," ಎಂದಳು ಉದ್ದಜಡೆ. "ಸಂಜೆಗೆ ಸರಿಹೋಗ್ತಾಳೆ."

ಇಸ್ತ್ರಿಯವಳಿಗೆ ಆ ಮಾತು ಹೊಸದಲ್ಲ. ಅವಳು ಮಂಚದ ಹತ್ತಿರ ಹೋಗಿ ಪಾಪುವಿನ ಕೆನ್ನೆ ತಟ್ಟಿದಳು, ಕಿವಿಯ ತುದಿ ಚಿವುಟಿದಳು. ರೆಪ್ಪೆ ಅಲುಗಲಿಲ್ಲ. ಕೈ ನೀರಲ್ಲಿ ನೆನೆದ ಬಟ್ಟೆಯಂತೆ ತಣ್ಣಗಿತ್ತು, ತುಟಿಯ ಬಣ್ಣ ಕಂದಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಕಾಯಬೇಕಾಗಿತ್ತು. ಅವಳು ಪಾಪುವನ್ನು ಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲು ಮಡಚಿ, ಬೆನ್ನಿಗೆ ಎರಡು ಚಾದರ ಮಡಿಸಿ ಒತ್ತಿಟ್ಟಳು. ಬಾಯಿಂದ ಹಳದಿ ನೀರು ದಿಂಬಿನ ಮೇಲೆ ಇಳಿಯಿತು.

"ಆಂಬುಲೆನ್ಸಿಗೆ ಫೋನ್ ಮಾಡಬೇಕು," ಎಂದಳು. ನಾಲ್ಕು ವರ್ಷದಲ್ಲಿ ಆ ಮಹಡಿಯಲ್ಲಿ ಅವಳು ಜೋರಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

ಉದ್ದಜಡೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಫೋನ್ ಮಾಡಿದರೆ ಮನೆಗೆ ತಿಳಿಸುತ್ತಾರೆ, ತನ್ನ ಅಪ್ಪ ಕಾಲೇಜು ಬಿಡಿಸಿ ಕರೆದುಕೊಂಡು ಹೋಗುತ್ತಾರೆ, ಕಾಫಿ ಕುಡಿಸೋಣ, ತಣ್ಣೀರು ಹಾಕೋಣ ಎಂದೆಲ್ಲ ಅಂದಳು. ಅವಳ ಜಡೆ ಬಿಚ್ಚಿಹೋಗಿತ್ತು. ಆಮೇಲೆ ದನಿ ತಗ್ಗಿಸಿದಳು.

"ಮೆಟ್ಟಿಲ ಹತ್ರ ಇರೋ ಸೂಚನೆ ಓದಿದೀರಲ್ವಾ ಅಕ್ಕ? ನಮಗೇನೂ ಆಗಲ್ಲ. ಸಿಕ್ಕಿಹಾಕಿಕೊಳ್ಳೋದು ಯಾರು?"

ಆ ಸೂಚನೆಯ ಗಾಜನ್ನು ವಾರಕ್ಕೊಮ್ಮೆ ಒರೆಸುತ್ತಿದ್ದವಳು ಇಸ್ತ್ರಿಯವಳೇ. ಕುಡಿದು ಅಸ್ವಸ್ಥಳಾದ ವಿದ್ಯಾರ್ಥಿನಿಯ ಮೇಲೆ, ಅವಳಿಗಾಗಿ ಸಹಾಯ ಕರೆದ ವಿದ್ಯಾರ್ಥಿನಿಯ ಮೇಲೆ ಶಿಸ್ತುಕ್ರಮ ಇಲ್ಲ, ಹೆತ್ತವರಿಗೆ ಮಾತ್ರ ತಿಳಿಸಲಾಗುವುದು. ಒಳ್ಳೆಯ ನಿಯಮ. ಭಯಕ್ಕೆ ಯಾರೂ ಸಾಯಬಾರದೆಂದು ಯಾರೋ ತಲೆ ಓಡಿಸಿ ಬರೆದದ್ದು. ಆದರೆ ಅದರಲ್ಲಿ ಎರಡು ಕಡೆಯೂ ವಿದ್ಯಾರ್ಥಿನಿ ಎಂದೇ ಇತ್ತು. ಬಟ್ಟೆ ಒಗೆಯುವವಳು ಆ ಗಾಜಿನ ಹೊರಗಿನವಳು.

ಪಾಪುವಿನ ಉಸಿರು ಒಮ್ಮೆ ಗೊರ್ ಎಂದು ನಿಂತು, ಮತ್ತೆ ಶುರುವಾಯಿತು. ಇಸ್ತ್ರಿಯವಳು ಕೈ ಚಾಚಿದಳು. ಯಾರ ಕಡೆಗೆ ಎಂದು ಅವಳಿಗೇ ಗೊತ್ತಿರಲಿಲ್ಲ. ಆ ಕೈಯಲ್ಲಿ ಕನ್ನಡಕ ತನ್ನ ಫೋನು ಇಟ್ಟಳು.

ಆಂಬುಲೆನ್ಸಿನ ನರ್ಸು ಪಾಪುವಿನ ಮೂಗಿಗೆ ಉಸಿರಿನ ನಳಿಗೆ ಸಿಕ್ಕಿಸುತ್ತ, ಹೊರಳಿಸಿದ್ದು ಯಾರು ಎಂದು ಕೇಳಿದಳು. ಯಾರೇ ಆಗಲಿ, ಪುಣ್ಯ ಕಟ್ಟಿಕೊಂಡ್ರಿ ಎಂದಳು. ಕಾಫಿಯಿಂದ, ತಣ್ಣೀರಿನಿಂದ ಇದು ಇಳಿಯುವುದಿಲ್ಲ, ನಿದ್ದೆಯಲ್ಲೂ ಏರುತ್ತಲೇ ಇರುತ್ತದೆ, ಒಬ್ಬಳನ್ನೇ ಬಿಟ್ಟಿದ್ದರೆ ಕತೆ ಬೇರೆ ಇತ್ತು ಎಂದು ಬೈಯುತ್ತಲೇ ಮೆಟ್ಟಿಲಿಳಿದಳು.

ಯಾರೂ ಬಾಯಿ ಬಿಡದಿದ್ದರೂ ವಾರ್ಡನ್ನರಿಗೆ ತಿಳಿಯಲು ಒಂದು ದಿನ ಹಿಡಿಯಲಿಲ್ಲ. ಉದ್ದಜಡೆ ಬಾಟಲಿಗಳನ್ನು ಕಿಟಕಿಯಾಚೆ ಬಿಸಾಡಿದ್ದಳು. ಆದರೆ ಅಂದು ಗಂಟು ಬಿಚ್ಚಲಾಗದೆ, ಚಾದರದ ಪಕ್ಕದ ಸಂದಿಯಿಂದ ಬಾಟಲಿ ಎಳೆದುಕೊಂಡಿದ್ದರು. ಮಂಚದ ಕೆಳಗೆ ಗಂಟು ಹಾಗೇ ಇತ್ತು, ಚೆಲ್ಲಿದ ಹೆಂಡಕ್ಕೆ ಗಬ್ಬೆಂದು ನಾರುತ್ತ, ಎರಡು ಸುತ್ತು, ತಿರುಚಿದ ತುದಿ. ಭಾನುವಾರ ಬೆಳಿಗ್ಗೆ ಸವೆದ ಹಿಮ್ಮಡಿಯ ಕಪ್ಪು ಚಪ್ಪಲಿ ಕಿಟಕಿಯ ಮುಂದೆ ಬಂದು ನಿಂತಾಗಲೇ ಇಸ್ತ್ರಿಯವಳು ಕೆಲಸ ನಿಲ್ಲಿಸಿದಳು. ವಾರ್ಡನ್ ಒಳಗೆ ಬಂದು ಗಂಟನ್ನು ಮೇಜಿನ ಮೇಲಿಟ್ಟರು. ಗದರಲಿಲ್ಲ. ನಾಳೆ ಹತ್ತಕ್ಕೆ ಆಫೀಸಿಗೆ ಬಾ, ಠಾಣೆಯಿಂದಲೂ ಬರುತ್ತಾರೆ ಎಂದಷ್ಟೇ ಹೇಳಿದರು.

ಮಧ್ಯಾಹ್ನ ಚಿಕ್ಕಮ್ಮ ಬಂದಳು. ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಾಗೇ ಇತ್ತು. ಕಪಾಳಕ್ಕೆ ಹೊಡೆಯುತ್ತಾಳೇನೋ ಎಂದು ಇಸ್ತ್ರಿಯವಳು ಕಾದಳು. ಹೊಡೆಯಲಿಲ್ಲ, ಕೊಳೆಬಟ್ಟೆಯ ರಾಶಿಯ ಮೇಲೆ ಕುಸಿದು ಕುಳಿತಳು.

"ಹತ್ತೊಂಬತ್ತು ಅಂತ ಹೇಳಿಬಿಡು. ಇಪ್ಪತ್ತೆರಡಾದ್ರೆ ಮಕ್ಕಳಿಗೆ ಹೆಂಡ ಕುಡಿಸಿದ ದೊಡ್ಡೋಳು ಅಂತ ಕೇಸಾಗತ್ತೆ. ಹತ್ತೊಂಬತ್ತಾದ್ರೆ ನೀನೂ ಅವರ ಥರಾನೇ."

"ಹಂಗಾದ್ರೆ ನಿನ್ನ ಸಹಿ?"

ಚಿಕ್ಕಮ್ಮ ಬಟ್ಟೆಯನ್ನು ಹಿಂಡಿದಳು. ಅದರಲ್ಲಿ ನೀರಿರಲಿಲ್ಲ. "ನಂದು ಹೆಂಗೋ ನಡೆಯತ್ತೆ," ಎಂದಳು.

ನಡೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸುಳ್ಳು ಮುಚ್ಚಳಿಕೆ ಕೊಟ್ಟವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಇಪ್ಪತ್ತು ವರ್ಷದ ಕೆಲಸ, ಅದರ ಜೊತೆಗೆ ಅಡುಗೆಮನೆಯ ಹಿಂದಿನ ಒಂಟಿ ಕೋಣೆ, ಅದರಲ್ಲಿ ಮಂಡಿ ನೋವಿನ ಅಮ್ಮ. ಇಪ್ಪತ್ತೆರಡು ಎಂದರೆ ಠಾಣೆಯ ಕಾಗದದಲ್ಲಿ ಆ ವಯಸ್ಸೇ ಕಲ್ಲಿನ ಮೇಲೆ ಕೆತ್ತಿದಂತೆ. ಆಮೇಲೆ ಹತ್ತೊಂಬತ್ತರ ಸರ್ಟಿಫಿಕೇಟು ತೋರಿಸಿ ಪರೀಕ್ಷೆಗೆ ಕೂರುವಂತಿಲ್ಲ. ಕೂತರೆ ಅದೇ ಚಿಕ್ಕಮ್ಮನಿಗೆ ಉರುಳು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಂದು ಅವಳು ಮೂರು ಯಂತ್ರಗಳನ್ನೂ ಖಾಲಿಯಾಗಿಯೇ ಒಮ್ಮೆ ಓಡಿಸಿದಳು, ಸದ್ದಿಗೋಸ್ಕರ.

ಸೋಮವಾರ ಆಫೀಸಿನಲ್ಲಿ ವಾರ್ಡನ್ ಇದ್ದರು, ಠಾಣೆಯ ಅಧಿಕಾರಿಣಿ ಇದ್ದರು, ಗೋಡೆಯ ಪಕ್ಕ ಉದ್ದಜಡೆ ಮತ್ತು ಕನ್ನಡಕ. ಬಾಗಿಲ ಹೊರಗೆ ಒದ್ದೆ ರಬ್ಬರು ಚಪ್ಪಲಿಯ ತುದಿ ಕಾಣುತ್ತಿತ್ತು. ತಾವೇ ಕೇಳಿದೆವು, ಅಕ್ಕ ತಂದುಕೊಟ್ಟರು ಎಂದು ಉದ್ದಜಡೆ ನೆಲ ನೋಡುತ್ತ ಒಪ್ಪಿಕೊಂಡಳು. ಫೋನ್ ಮಾಡಿದ್ದೂ ಅಕ್ಕನೇ ಎಂದು ಕನ್ನಡಕ ಸೇರಿಸಿದಳು. ಅಧಿಕಾರಿಣಿ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ ಇಸ್ತ್ರಿಯವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅಂಗಡಿಯವನು ನೋಡಿದ ಹಾಗೆಯೇ.

"ಚೀಟೀಲಿ ಇಪ್ಪತ್ತೆರಡಿದೆ. ನಿನ್ನ ಬಾಯಿಂದ ಹೇಳು. ನೀನೂ ಇವರಷ್ಟೇ ವಯಸ್ಸಿನೋಳಾಗಿದ್ರೆ ನಾಲ್ಕು ಬುದ್ಧಿಮಾತು ಹೇಳಿ ಎದ್ದುಹೋಗ್ತಿದ್ದೆ. ವಯಸ್ಸೆಷ್ಟು?"

ಬಾಗಿಲು ತೆರೆದು ಹಿಡಿದ ಹಾಗಿತ್ತು ಆ ಪ್ರಶ್ನೆ. ಉದ್ದಜಡೆ ತಟ್ಟನೆ ತಲೆ ಎತ್ತಿದಳು. ಅವಳ ಕಣ್ಣು ಹೇಳು, ಹೇಳು ಎನ್ನುತ್ತಿತ್ತು. ಎಷ್ಟೆಂದು ಹೇಳಬೇಕು ಎನ್ನುತ್ತಿತ್ತೋ. ಬಾಗಿಲಾಚೆ ರಬ್ಬರು ಚಪ್ಪಲಿ ಒಂದಿಷ್ಟು ಸರಿಯಿತು.

"ಇಪ್ಪತ್ತೆರಡು," ಎಂದಳು ಇಸ್ತ್ರಿಯವಳು.

ಅಧಿಕಾರಿಣಿ ಬರೆದುಕೊಂಡರು. ಮೊದಲ ತಪ್ಪು, ಅದರಲ್ಲೂ ಜೀವ ಉಳಿಸಿದವಳು ಎಂದು ಕೋರ್ಟಿನ ಮಾತು ತೆಗೆಯಲಿಲ್ಲ. ಆರು ತಿಂಗಳು ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಹಾಕಬೇಕೆಂದರು. ವಾರ್ಡನ್ ಕೆಲಸದಿಂದ ತೆಗೆಯಲಿಲ್ಲ, ಆದರೆ ಇನ್ನು ಮೇಲೆ ಅವಳು ಮಹಡಿ ಹತ್ತಕೂಡದೆಂದರು. ಗಂಟುಗಳನ್ನು ಕಾವಲಿನವಳು ಬಿಚ್ಚಿ ನೋಡಿ ಒಯ್ಯುತ್ತಾಳೆ. ಹಾಗಾಗಿ ಇಸ್ತ್ರಿಯವಳ ಗಂಟೂ ನಿಂತಿತು. ಸುಲಭವಾಗಿ ಬಿಚ್ಚುವ ಹಾಗೆ ಸಡಿಲ ಕಟ್ಟಬೇಕೆಂದು ಅಪ್ಪಣೆಯಾಗಿತ್ತು.

ಉದ್ದಜಡೆಯ ಕಾಲುಗಳು ಆಮೇಲೆ ಕಿಟಕಿಯ ಮುಂದೆ ಹಾಯುವಾಗ ಬಿರುಸಾಗುತ್ತಿದ್ದವು. ಒಂದೆರಡು ಸಲ ನಿಂತವು. ಒಳಗೆ ಬರಲಿಲ್ಲ.

ಬಂದವಳು ಪಾಪು. ಹದಿನೈದು ದಿನದ ಮೇಲೆ, ಇನ್ನಷ್ಟು ಇಳಿದುಹೋಗಿ, ಕೈಯಲ್ಲಿ ಒಂದು ಅಂಗಿ ಹಿಡಿದುಕೊಂಡು. ಅಂಗಿ ಬರೀ ನೆಪ, ಒಗೆದದ್ದೇ ಆಗಿತ್ತು. ಯಂತ್ರವನ್ನೂ ಕಿಟಕಿಯನ್ನೂ ನೋಡಿದಳು. ಮನೆಯಲ್ಲಿ ಅಮ್ಮ ಮೂರು ದಿನ ಮಾತಾಡಿಸಲಿಲ್ಲವಂತೆ, ನಾಲ್ಕನೆಯ ದಿನ ತಬ್ಬಿಕೊಂಡು ಅತ್ತಳಂತೆ. ಮುಂದೆ ವಯಸ್ಸು ಬಂದಾಗ ಕುಡಿದರೂ ಕುಡಿದೇನು, ಬೇರೆಯವರು ಹೇಳಿದರು ಅಂತ ಮಾತ್ರ ಕುಡಿಯುವುದಿಲ್ಲ ಎಂದಳು. ಇಸ್ತ್ರಿಯವಳಿಗೆ ಆ ಮಾತು ಹಿಡಿಸಿತು. ತಾನೂ ಆ ಮಾತನ್ನು ಶುಕ್ರವಾರದ ಮೊದಲು ಕಲಿತಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

"ಅಕ್ಕ, ನೀವು ಪರೀಕ್ಷೆ ಕಟ್ತೀರಂತೆ, ಕನ್ನಡಕ ಹೇಳಿದ್ಲು. ಗಣಿತ ನಾನು ಹೇಳಿಕೊಡ್ಲಾ?"

"ಇಲ್ಲಮ್ಮ. ವಯಸ್ಸಾಯ್ತು ನಂಗೆ."

ಪಾಪು ತಮಾಷೆ ಎಂದುಕೊಂಡು ನಕ್ಕಳು. ಅರ್ಜಿಯ ಕೊನೆಯ ದಿನ ಹಿಂದಿನ ದಿನವೇ ಕಳೆದಿತ್ತು, ಅದು ಡಬ್ಬಿಯಲ್ಲೇ ಇತ್ತು. ಆಮೇಲೆ ಪಾಪುವಿನ ಕಣ್ಣು ಹಲಗೆಯ ಪಕ್ಕದ ಸೀಮೆಸುಣ್ಣದ ಬರಹಕ್ಕೆ ಬಿತ್ತು. ಬಗ್ಗಿ ಓದಿದಳು. "ಇದನ್ಯಾಕೆ ಅರ್ಧಕ್ಕೇ ಬಿಟ್ಟಿದೀರ? ಸುಲಭ ಇದೆ, ಮಾಡಿ ನೋಡೋಣ."

ಇಸ್ತ್ರಿಯವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ತಂಗಿಗೆ ಹತ್ತೊಂಬತ್ತು. ಅಕ್ಕನಿಗೆ ಇಪ್ಪತ್ತೆರಡು."

"ಸರಿಯಾಗಿದೆ. ಬಾಯಲ್ಲೇ ಮಾಡಿಬಿಟ್ರಲ್ಲ!" ಪಾಪುವಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಯಾರು ಇವರಿಬ್ರು?"

"ಇಲ್ಲೇ ಬಟ್ಟೆ ಒಗೀತಾರೆ," ಎಂದಳು ಇಸ್ತ್ರಿಯವಳು. ಅಂಗಿಯ ಕೊರಳಪಟ್ಟಿಯೊಳಗಿನ ಕೆಂಪು ನಂಬರು ನೋಡಿ, ಅದನ್ನು ಇಪ್ಪತ್ತಾರರ ರಾಶಿಯ ಮೇಲಿಟ್ಟು, ಚಾದರದ ನಾಲ್ಕು ಮೂಲೆ ಕೂಡಿಸಿ ಸಡಿಲವಾಗಿ ಒಂದು ಗಂಟು ಹಾಕಿದಳು.